ಯಕೃತ್ತು ದಾಟದ ಕಣಗಳು

ರಕ್ತನಾಳಕ್ಕೆ ನೂರು ನ್ಯಾನೊ ಕಣಗಳನ್ನು ಬಿಟ್ಟರೆ ಕ್ಯಾನ್ಸರ್ ಗಡ್ಡೆಯನ್ನು ಮುಟ್ಟುವುದು ಒಂದೂ ಇಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಮತ್ತು ಸಂಗಡಿಗರು ಹತ್ತು ವರ್ಷಗಳಲ್ಲಿ ಪ್ರಕಟವಾಗಿದ್ದ 117 ಪ್ರಯೋಗ ವರದಿಗಳನ್ನು ಒಟ್ಟುಹಾಕಿ 2016ರಲ್ಲಿ ತೆಗೆದ ಲೆಕ್ಕ ಇದು. ಗಡ್ಡೆ ತಲುಪಿದ್ದರ ಮಧ್ಯಾಂಕ ಶೇ. 0.7. ಅದೂ ಪ್ರಯೋಗಾಲಯದ ಪ್ರಾಣಿಗಳಲ್ಲಿ. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? ಬಹುಪಾಲು ಯಕೃತ್ತಿಗೆ, ಒಂದಿಷ್ಟು ಗುಲ್ಮಕ್ಕೆ.

ಈ ಅಂಕಿಯನ್ನು ಮುಂದಿಟ್ಟುಕೊಂಡು ನ್ಯಾನೊ ಔಷಧವೆಂದರೆ ಬರೀ ಆಡಂಬರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆರು ದಶಕಗಳ ಈ ಚರಿತ್ರೆಯಲ್ಲಿ ಗೆಲುವುಗಳಿವೆ, ದೊಡ್ಡ ಗೆಲುವುಗಳೇ. ಆದರೆ ಅವುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ದೇಹದ ಕಣ್ಣು ತಪ್ಪಿಸಲು ಹೋದಾಗಲ್ಲ. ದೇಹ ಕಣವನ್ನು ತಾನಾಗಿ ಎಲ್ಲಿಗೆ ಒಯ್ಯುತ್ತದೋ ಅಲ್ಲೇ ಬೀಡುಬಿಟ್ಟ ರೋಗವನ್ನು ಆರಿಸಿಕೊಂಡಾಗ.

ಕನಸು ಮಾತ್ರ ಬೇರೆಯೇ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪೌಲ್ ಎರ್ಲಿಕ್, ರೋಗಾಣುವನ್ನಷ್ಟೇ ಹುಡುಕಿ ಹೊಡೆಯುವ ಮಾಂತ್ರಿಕ ಗುಂಡಿನ ಮಾತಾಡಿದ್ದ. 1959ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನುಂಗಬಹುದಾದ ಶಸ್ತ್ರವೈದ್ಯನೊಬ್ಬನಿದ್ದರೆ ಹೇಗೆ ಎಂಬ ಗೆಳೆಯನ ಕಲ್ಪನೆಯನ್ನು ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ಎತ್ತಿ ಹೇಳಿದ. ನ್ಯಾನೊ ಎಂದಾಕ್ಷಣ ಎಲ್ಲರೂ ಫೈನ್‌ಮನ್ ಹೆಸರು ಹೇಳುತ್ತಾರೆ. ಆದರೆ ಔಷಧದ ಮಟ್ಟಿಗೆ ನಿಜವಾದ ಮೂಲಪುರುಷ ಬೇರೊಬ್ಬ. ಕೇಂಬ್ರಿಜ್ ಬಳಿಯ ಬಬ್ರಹಾಮ್‌ನಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಬಗ್ಗೆ ಕೆಲಸ ಮಾಡುತ್ತಿದ್ದ ಅಲೆಕ್ ಬ್ಯಾಂಗಮ್, 1960ರ ದಶಕದ ಮೊದಲ ವರ್ಷಗಳಲ್ಲಿ ಸಹೋದ್ಯೋಗಿ ರಾಬರ್ಟ್ ಹಾರ್ನ್ ಜತೆ ಜೀವಕೋಶದ ಪೊರೆಯಲ್ಲಿರುವಂಥ ಕೊಬ್ಬನ್ನು ನೀರಿಗೆ ಹಾಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದ. ಕೊಬ್ಬು ತಾನಾಗಿಯೇ ಪುಟ್ಟ ಪುಟ್ಟ ಚೀಲಗಳಾಗಿ ಮಡಿಚಿಕೊಂಡಿತ್ತು, ಒಳಗೆ ನೀರು ಕಟ್ಟಿಕೊಂಡು. ಇವೇ ಲೈಪೊಸೋಮ್‌ಗಳು. ಚೀಲದೊಳಗೆ ಮದ್ದು ತುಂಬಿ ದೇಹಕ್ಕೆ ಕಳಿಸಬಹುದೆಂದು ಗ್ರೆಗರಿ ಗ್ರೆಗೊರಿಯಾಡಿಸ್ ಮೊದಲಾದವರು 1970ರ ದಶಕದ ಆರಂಭದಲ್ಲಿ ತೋರಿಸಿದರು.

ಕಳಿಸಿದ್ದೇನೋ ಆಯಿತು, ತೊಡಕು ಎದುರಾದದ್ದು ಯಕೃತ್ತಿನಲ್ಲಿ. ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆಗೆ ಕುಪ್ಫರ್ ಕೋಶಗಳು ಅಂಟಿಕೊಂಡು ಕೂತಿರುತ್ತವೆ. ರಕ್ತದಲ್ಲಿ ತೇಲಿಬರುವ ಬ್ಯಾಕ್ಟೀರಿಯಾ, ಸತ್ತ ಕೋಶಗಳ ಚೂರು, ಅಪರಿಚಿತ ಕಣ ಏನೇ ಇರಲಿ, ನುಂಗಿಹಾಕುವುದು ಅವುಗಳ ಕಸುಬು. ಕಣ ರಕ್ತಕ್ಕಿಳಿದ ಕ್ಷಣದಿಂದಲೇ ಪ್ರೋಟೀನುಗಳು ಮೈತುಂಬ ಮೆತ್ತಿಕೊಂಡು ಅದನ್ನು ಗುರುತಿಸಲು ನೆರವಾಗುತ್ತವೆ. ಕಣ ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕದಾಗಿದ್ದರೆ ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, 200 ದಾಟಿದರೆ ಗುಲ್ಮ ಹಿಡಿಯುತ್ತದೆ. ನಡುವಿನ ಗಾತ್ರದವು ಯಕೃತ್ತಿನ ಮುಂದೆ ನಿಲ್ಲಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ, ತಾನು ಕ್ಯಾನ್ಸರಿಗೆ ಹೊರಟ ಮದ್ದು ಎಂದರೆ ಅಲ್ಲಿ ಕೇಳುವವರಿಲ್ಲ.

ಜೆರುಸಲೇಮಿನ ಆಲ್ಬರ್ಟೊ ಗ್ಯಾಬಿಜಾನ್ ಮತ್ತು ಯೆಹೆಜ್ಕೆಲ್ ಬಾರೆನ್‌ಹೋಲ್ಟ್ಸ್ ಈ ಪಾಠವನ್ನು ಸೋತು ಕಲಿತರು. ಡಾಕ್ಸೊರುಬಿಸಿನ್ ಒಳ್ಳೆಯ ಕ್ಯಾನ್ಸರ್ ಮದ್ದು, ಆದರೆ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಅದನ್ನು ಲೈಪೊಸೋಮಿನಲ್ಲಿಟ್ಟು ರೋಗಿಗಳಿಗೆ ಕೊಟ್ಟ ಅವರ ಮೊದಲ ಸೂತ್ರ 1980ರ ದಶಕದಲ್ಲಿ ಯಕೃತ್ತಿನಲ್ಲೇ ಕೊನೆಗೊಂಡಿತು. ಆಮೇಲೆ ಅವರು ಚೀಲವನ್ನು 100 ನ್ಯಾನೊಮೀಟರಿಗಿಂತ ಕಿರಿದು ಮಾಡಿದರು, ಅದರ ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರು ಹಿಡಿದಿಟ್ಟುಕೊಳ್ಳುವ ಎಳೆಗಳನ್ನು ಹೊದಿಸಿದರು. ಒಳಗೆ ಅಮೋನಿಯಂ ಸಲ್ಫೇಟ್ ಇಟ್ಟು, ಮದ್ದು ತಾನಾಗಿ ಒಳನುಗ್ಗಿ ಹರಳುಗಟ್ಟುವಂತೆ ಮಾಡಿದರು. ಕಣಗಳು ರಕ್ತದಲ್ಲಿ ದಿನಗಟ್ಟಲೆ ಸುತ್ತತೊಡಗಿದವು. ಡಾಕ್ಸಿಲ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಮುಂದೆ ಅಮೆರಿಕದಲ್ಲಿ ಡಾಕ್ಸಿಲ್ ಅಭಾವ ತಲೆದೋರಿದಾಗ, 2012ರಲ್ಲಿ, ಕೊರತೆ ತುಂಬಲು ಅಲ್ಲಿಗೆ ಹೋದದ್ದು ನಮ್ಮ ಸನ್ ಫಾರ್ಮಾದ ಲಿಪೊಡಾಕ್ಸ್. ಈ ಸಂಗತಿಗೆ ನಮ್ಮಲ್ಲಿ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ.

ಡಾಕ್ಸಿಲ್ ಹೃದಯವನ್ನು ಉಳಿಸಿತು, ನಿಜ. ಬದಲಿಗೆ ಅಂಗೈ ಅಂಗಾಲು ಸುಲಿಯುವ ಹೊಸ ಕಾಟವನ್ನೂ ತಂದಿತು. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಹಳೆಯ ಮದ್ದಿಗಿಂತ ಹೆಚ್ಚು ಕಾಲ ಬದುಕಿಸಿತೇ ಎಂದು ಕೇಳಿದರೆ, ಎರಡೂ ಹೆಚ್ಚುಕಡಿಮೆ ಸಮ. 2005ರಲ್ಲಿ ಬಂದ ಅಬ್ರಾಕ್ಸೇನ್‌ದೂ ಇಂಥದೇ ಕಥೆ. ನೀರಲ್ಲಿ ಕರಗದ ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಮೊದಲು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಿ ಕೊಡುತ್ತಿದ್ದರು, ಆ ದ್ರಾವಕಕ್ಕೆ ಕೆಲವರ ಮೈ ತೀವ್ರವಾಗಿ ಅಲರ್ಜಿ ತೋರುತ್ತಿತ್ತು. ಅಲ್ಬುಮಿನ್ ಪ್ರೋಟೀನಿನ 130 ನ್ಯಾನೊಮೀಟರ್ ಕಣಕ್ಕೆ ಅದನ್ನು ಕಟ್ಟಿ ದ್ರಾವಕವನ್ನೇ ಕೈಬಿಟ್ಟರು. ಅಡ್ಡಪರಿಣಾಮ ತಗ್ಗಿಸುವುದು ಸಣ್ಣ ಕೆಲಸವಲ್ಲ, ಕೀಮೊ ಪಡೆದವರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೂ ಅದು ಎರ್ಲಿಕ್ ಕಂಡ ಗುಂಡಲ್ಲ.

ಗುಂಡಿನ ಆಸೆ ಮತ್ತೆ ಚಿಗುರಿದ್ದು ಜಪಾನಿನ ಕುಮಾಮೊಟೊದಲ್ಲಿ. ಗಡ್ಡೆಗಳ ರಕ್ತನಾಳ ಸೋರುತ್ತದೆ, ಒಳಗೆ ಹೋದದ್ದು ಬೇಗ ಹೊರಬರುವುದಿಲ್ಲ, ಹೀಗಾಗಿ ದೊಡ್ಡ ಕಣಗಳು ಅಲ್ಲಿ ತಾವಾಗಿ ಶೇಖರವಾಗುತ್ತವೆ ಎಂದು ಹಿರೋಶಿ ಮಯೇದ ಮತ್ತು ಯಸುಹಿರೊ ಮತ್ಸುಮುರ 1986ರಲ್ಲಿ ಬರೆದರು. ಮುಂದಿನ ಮೂರು ದಶಕ ಈ ತತ್ವದ ಮೇಲೆ ಸಾವಿರಾರು ಪ್ರಬಂಧಗಳು ಬಂದವು. ಇಲಿಯ ಬೆನ್ನಲ್ಲಿ ಕೆಲವೇ ವಾರದಲ್ಲಿ ಬೆಳೆಸಿದ ಗಡ್ಡೆಗೂ ಮನುಷ್ಯನಲ್ಲಿ ವರ್ಷಗಟ್ಟಲೆ ಬೆಳೆದ ಗಡ್ಡೆಗೂ ಅಂತರ ಎಷ್ಟೆಂಬ ಪ್ರಶ್ನೆ ಹಿಂದೆ ಸರಿಯಿತು. ಗುರಿ ಹುಡುಕುವ ಕಣಗಳಿಗೆ ಹೆಸರಾಗಿದ್ದ ಬೈಂಡ್ ಥೆರಪ್ಯೂಟಿಕ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2016ರಲ್ಲಿ, ಚಾನ್ ಅವರ ಲೆಕ್ಕ ಬಂದ ವರ್ಷವೇ.

ಅಷ್ಟರಲ್ಲಿ ಬಿಹಾರದಲ್ಲಿ ಬೇರೆಯೇ ಒಂದು ಕೆಲಸ ನಡೆದಿತ್ತು. ಕಾಲಾ ಅಜಾರ್ ಮರಳು ನೊಣದಿಂದ ಹರಡುವ ರೋಗ. ತಿಂಗಳುಗಟ್ಟಲೆ ಜ್ವರ, ಊದಿದ ಗುಲ್ಮ, ಚಿಕಿತ್ಸೆ ಸಿಗದಿದ್ದರೆ ಸಾವು. ಇದರ ಪರೋಪಜೀವಿ ಅಡಗುವುದು ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳ ಕಬಳಿಸುವ ಕೋಶಗಳ ಹೊಟ್ಟೆಯಲ್ಲೇ. ಅಂದರೆ ಲೈಪೊಸೋಮ್ ಬೇಡವೆಂದರೂ ಹೋಗಿ ಬೀಳುವ ಜಾಗದಲ್ಲಿ! ಆಂಫೊಟೆರಿಸಿನ್ ಬಿ ಎಂಬ ಹಳೆಯ ಮದ್ದು ಅದನ್ನು ಕೊಲ್ಲುತ್ತಿತ್ತು, ಆದರೆ ಚಳಿಜ್ವರ ಬರಿಸಿ ಮೂತ್ರಪಿಂಡವನ್ನು ಹಾಳುಮಾಡುತ್ತಿತ್ತು. ದಿನ ಬಿಟ್ಟು ದಿನ ಹದಿನೈದು ಬಾರಿ ಡ್ರಿಪ್ ಹಾಕಿಸಿಕೊಂಡು ಕೂಲಿಯವನೊಬ್ಬ ತಿಂಗಳು ಪೂರ್ತಿ ಆಸ್ಪತ್ರೆಯಲ್ಲಿ ಮಲಗಬೇಕಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಮುಜಫ್ಫರ್‌ಪುರದಲ್ಲಿ 412 ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. ಲೈಪೊಸೋಮಿನಲ್ಲಿಟ್ಟ ಅದೇ ಮದ್ದನ್ನು ಒಂದೇ ಒಂದು ಸಲ, ಮೈತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಕೊಟ್ಟಾಗ ಆರು ತಿಂಗಳ ನಂತರ ಗುಣವಾಗಿದ್ದವರು ಶೇ. 95.7. ಹದಿನೈದು ಡ್ರಿಪ್ಪಿನ ಗುಂಪಿನಲ್ಲಿ ಶೇ. 96.3. ಫಲಿತಾಂಶ 2010ರಲ್ಲಿ ಪ್ರಕಟವಾಯಿತು, 2014ರಲ್ಲಿ ಭಾರತ ಈ ಒಂದು ಡೋಸನ್ನೇ ಮೊದಲ ಚಿಕಿತ್ಸೆಯಾಗಿ ಅಳವಡಿಸಿಕೊಂಡಿತು. ಮದ್ದು ದುಬಾರಿ. ಗಿಲಿಯಡ್ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಉಚಿತವಾಗಿ ಕೊಟ್ಟದ್ದರಿಂದಲೇ ಅದು ಹಳ್ಳಿಗಳವರೆಗೆ ಹೋಗಿದ್ದು. ನ್ಯಾನೊ ಔಷಧದ ಅತಿ ದೊಡ್ಡ ಜಯ ಯಾವುದೆಂದು ಕೇಳಿದರೆ ನಾನು ಬೋಸ್ಟನ್ನಿನ ಯಾವ ಪ್ರಯೋಗಾಲಯವನ್ನೂ ಹೆಸರಿಸುವುದಿಲ್ಲ, ಮುಜಫ್ಫರ್‌ಪುರವನ್ನು ಹೆಸರಿಸುತ್ತೇನೆ.

ಇದೇ ಮದ್ದಿನ ಹೆಸರು ಕನ್ನಡಿಗರ ಕಿವಿಗೆ ಬಿದ್ದದ್ದು 2021ರ ಬೇಸಿಗೆಯಲ್ಲಿ, ಕಪ್ಪು ಶಿಲೀಂಧ್ರದ ದಿನಗಳಲ್ಲಿ. ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಸೋಂಕು ತಗುಲಿತ್ತು. ಒಂದು ವಯಲ್‌ನಲ್ಲಿ ಇರುವುದು 50 ಮಿಲಿಗ್ರಾಂ. ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ 60 ಕಿಲೋ ತೂಕದ ರೋಗಿಗೆ ದಿನಕ್ಕೆ ಆರು ವಯಲ್ ಬೇಕು, ಅದೂ ವಾರಗಟ್ಟಲೆ. ಅಂಗಡಿಯಿಂದ ಅಂಗಡಿಗೆ ಅಲೆದ ಮನೆಯವರಿಗೆ ಅದು ನ್ಯಾನೊ ಕಣವೆಂದು ಯಾರೂ ಹೇಳಿರಲಿಲ್ಲ, ಹೇಳುವ ಹೊತ್ತೂ ಅದಾಗಿರಲಿಲ್ಲ. ಭಾರತಕ್ಕೆ ಈ ವಿದ್ಯೆ ಹೊಸದೂ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಬಿಮಲ್ ಕುಮಾರ್ ಬಚಾವತ್ ಅವರ ಗುಂಪು ಮುಂಬೈಯ ಕೆಇಎಂ ಆಸ್ಪತ್ರೆಯ ಜತೆ ಸೇರಿ ಎಷ್ಟೋ ಹಿಂದೆಯೇ ಸ್ವದೇಶಿ ಲೈಪೊಸೋಮ್ ಆಂಫೊಟೆರಿಸಿನ್ ರೂಪಿಸಿತ್ತು. ಅದೇ ಫಂಗಿಸೋಮ್.

ರೋಗ ಪತ್ತೆಯಲ್ಲೂ ಯಕೃತ್ತಿನ ಕಬಳಿಸುವ ಕೋಶಗಳೇ ಕೈಹಿಡಿದವು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆರಿಡೆಕ್ಸ್ ಎಂಬ ಕಬ್ಬಿಣದ ಆಕ್ಸೈಡ್ ಕಣಗಳನ್ನು ಆರೋಗ್ಯವಂತ ಯಕೃತ್ತು ನುಂಗಿ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗುತ್ತಿತ್ತು. ಕುಪ್ಫರ್ ಕೋಶಗಳಿಲ್ಲದ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ತತ್ವ ಚೆಂದ, ವ್ಯಾಪಾರ ಕುದುರಲಿಲ್ಲ, ಮಾರುಕಟ್ಟೆಯಿಂದ ಮರೆಯಾಯಿತು. ಬಣ್ಣ ಬೀರುವ ಅರೆವಾಹಕ ನ್ಯಾನೊ ಕಣಗಳಾದ ಕ್ವಾಂಟಂ ಚುಕ್ಕೆಗಳಿಗೆ 2023ರ ನೊಬೆಲ್ ಬಂದರೂ, ಅವುಗಳಲ್ಲಿನ ಕ್ಯಾಡ್ಮಿಯಂನಂಥ ವಿಷಲೋಹದ ಭಯ ಅವನ್ನು ಬಹುತೇಕ ಪ್ರಯೋಗಾಲಯದಲ್ಲೇ ಉಳಿಸಿದೆ. ನಿಜಕ್ಕೂ ಮನೆಮನೆಗೆ ಹೋದದ್ದು ಚಿನ್ನ. ಮೈಕಲ್ ಫ್ಯಾರಡೆ 1857ರಲ್ಲೇ ಚಿನ್ನದ ಅತಿಸೂಕ್ಷ್ಮ ಕಣಗಳಿರುವ ನೀರು ಮಾಣಿಕ್ಯದಂತೆ ಕೆಂಪಾಗಿರುವುದನ್ನು ವಿವರಿಸಿದ್ದ. ಕೋವಿಡ್ ರ‍್ಯಾಪಿಡ್ ಕಿಟ್ಟುಗಳಲ್ಲೂ ಗರ್ಭಪರೀಕ್ಷೆಯ ಹಲವು ಪಟ್ಟಿಗಳಲ್ಲೂ ಮೂಡುವ ಕೆಂಪು ಗೆರೆ ಆ ಕಣಗಳದೇ. ಅದಕ್ಕೆ ರಕ್ತಪ್ರವಾಹದ ಗೋಜೂ ಇಲ್ಲ, ಯಕೃತ್ತಿನ ತಡೆಯೂ ಇಲ್ಲ.

ಎಂಆರ್‌ಎನ್‌ಎ ಲಸಿಕೆಯಿಂದ ಮನೆಮಾತಾದ ಲಿಪಿಡ್ ಕಣದ ಹುಟ್ಟೂ ಯಕೃತ್ತಿನ ಜತೆಗಿನ ಒಪ್ಪಂದದಲ್ಲಿದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಪೀಟರ್ ಕಲಿಸ್ ಮತ್ತು ಸಂಗಡಿಗರು ರಕ್ತದಲ್ಲಿ ತಟಸ್ಥವಾಗಿದ್ದು, ಕೋಶದೊಳಗಿನ ಆಮ್ಲೀಯ ಚೀಲ ಸೇರಿದೊಡನೆ ಧನ ವಿದ್ಯುದಾವೇಶ ಪಡೆದು ಪೊರೆ ಒಡೆಯುವ ಕೊಬ್ಬುಗಳನ್ನು ವರ್ಷಗಟ್ಟಲೆ ತಿದ್ದಿದರು. ಇಂಥ ಕಣಕ್ಕೆ ರಕ್ತದಲ್ಲಿ ಅಪೊಲಿಪೊಪ್ರೋಟೀನ್ ಇ ಅಂಟಿಕೊಳ್ಳುತ್ತದೆ. ಯಕೃತ್ತಿನ ಕೋಶ ಅದನ್ನು ಕೊಲೆಸ್ಟರಾಲ್ ಎಂದು ಬಗೆದು ಬಾಗಿಲು ತೆರೆಯುತ್ತದೆ. ನರಗಳನ್ನು ಕೆಡಿಸುವ ವಂಶವಾಹಿ ಅಮಿಲಾಯ್ಡ್ ರೋಗದ ತಪ್ಪು ಪ್ರೋಟೀನ್ ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲೇ. ಹಾಗಾಗಿ ಆ ತಯಾರಿಕೆಯನ್ನೇ ತಡೆಯುವ ಮೊದಲ ಎಸ್‌ಐಆರ್‌ಎನ್‌ಎ ಔಷಧ ಆನ್‌ಪ್ಯಾಟ್ರೊ 2018ರಲ್ಲಿ ಸಾಧ್ಯವಾಯಿತು. ಎರಡೇ ವರ್ಷದ ನಂತರ ಲಸಿಕೆ ಅಷ್ಟು ಬೇಗ ಬಂದದ್ದರ ಹಿಂದೆ ಈ ಕಸರತ್ತು ಇತ್ತು. ಕಟಾಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್‌ಗೆ ನೊಬೆಲ್ ಸಂದಿತು, ನ್ಯಾಯವೇ. ಕಣ ಕಟ್ಟಿದವರು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಪುಣೆಯ ಜೆನೋವಾ ಕಂಪನಿ ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲೇ ಕೆಡದ ಎಂಆರ್‌ಎನ್‌ಎ ಲಸಿಕೆಗೆ ಜೂನ್ 2022ರಲ್ಲಿ ತುರ್ತು ಬಳಕೆಯ ಅನುಮತಿ ಪಡೆಯಿತು.

2025ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಒಂದು ಹಸುಗೂಸಿನ ಒಂದೇ ಅಕ್ಷರದ ಜೀನ್ ದೋಷವನ್ನು ತಿದ್ದುವ ಮದ್ದನ್ನು ಆ ಮಗುವಿಗೆಂದೇ ಆರು ತಿಂಗಳಲ್ಲಿ ತಯಾರಿಸಿ, ಲಿಪಿಡ್ ಕಣದಲ್ಲಿಟ್ಟು ಕೊಟ್ಟರು. ಕಿರಣ್ ಮುಸುನೂರು ಮತ್ತು ರೆಬೆಕಾ ಆರೆನ್ಸ್-ನಿಕ್ಲಾಸ್ ಮುಂದಾಳತ್ವದ ಕೆಲಸ. ದೋಷವಿದ್ದದ್ದು ಅಮೋನಿಯಾವನ್ನು ಅರಗಿಸುವ ಕಿಣ್ವದಲ್ಲಿ. ಆ ಕಿಣ್ವದ ಮುಖ್ಯ ನೆಲೆ ಯಕೃತ್ತು.

ಮಿದುಳು, ಮೇದೋಜ್ಜೀರಕ, ಶ್ವಾಸಕೋಶದ ರೋಗಿಗಳಿಗೆ ಯಕೃತ್ತಿನ ಈ ಗೆಲುವುಗಳಿಂದ ಹೆಚ್ಚೇನೂ ಸಿಗಲಿಲ್ಲ. ಡಲ್ಲಾಸಿನ ಡೇನಿಯಲ್ ಸೀಗ್‌ವಾರ್ಟ್ ಗುಂಪು 2020ರಲ್ಲಿ ಲಿಪಿಡ್ ಕಣಕ್ಕೆ ಐದನೆಯ ಕೊಬ್ಬೊಂದನ್ನು ಬೆರೆಸಿ, ಅದರ ವಿದ್ಯುದಾವೇಶ ಬದಲಿಸಿದರೆ ಇಲಿಯಲ್ಲಿ ಕಣ ಶ್ವಾಸಕೋಶಕ್ಕೋ ಗುಲ್ಮಕ್ಕೋ ತಿರುಗುತ್ತದೆಂದು ತೋರಿಸಿತು. ಇನ್ನೊಂದು ದಾರಿ ರಕ್ತನಾಳವನ್ನೇ ಬಿಟ್ಟುಬಿಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ಕಬ್ಬಿಣ ಲೇಪಿಸಿದ ಸುರುಳಿಯಾಕಾರದ ಸಿಲಿಕಾ ನ್ಯಾನೊಬಾಟ್‌ಗಳನ್ನು ಕಾಂತಕ್ಷೇತ್ರದಿಂದ ತಿರುಗಿಸುತ್ತ ಹಲ್ಲಿನ ಸೂಕ್ಷ್ಮನಾಳಗಳೊಳಕ್ಕೆ ಕೊರೆದುಕೊಂಡು ಹೋಗುವಂತೆ ಮಾಡಿತು. ರೂಟ್ ಕೆನಾಲ್ ಆದಮೇಲೂ ಅಲ್ಲಿ ಅವಿತು ಉಳಿಯುವ ಬ್ಯಾಕ್ಟೀರಿಯಾವನ್ನು ಅವು ಬಿಸಿಯಿಂದ ಕೊಲ್ಲುತ್ತವೆ, ಕೆಲಸ ಮುಗಿದ ಮೇಲೆ ಕಾಂತಕ್ಷೇತ್ರದಿಂದಲೇ ಹೊರಗೆಳೆಯಬಹುದು. 2022ರಲ್ಲಿ ಪ್ರಕಟವಾದ ಈ ಕೆಲಸವನ್ನು ದಂತವೈದ್ಯರ ಕುರ್ಚಿಯವರೆಗೆ ಒಯ್ಯಲು ಥೆರಾನಾಟಿಲಸ್ ಎಂಬ ಕಂಪನಿ ಹುಟ್ಟಿಕೊಂಡಿದೆ. ಇಂಥ ಸಾಧನಗಳ ಸುರಕ್ಷತೆ ಅಳೆಯುವುದು ಹೇಗೆಂಬ ತಲೆನೋವು ಬೇರೆ ಇದೆ. ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಮದ್ದಿಗೆ ಹೊಂದುತ್ತದೆ. ನಡೆದಾಡುವ ಯಂತ್ರಕ್ಕೆ ಬೇರೆ ಅಳತೆಗೋಲು ಬೇಕಾದೀತು.