ರಾಷ್ಟ್ರದ ಲೆಕ್ಕದಲ್ಲಿ ನಮ್ಮ ಮೂರು ತಾಲೂಕುಗಳು

ಜಾಗತೀಕರಣದಿಂದ ದೇಶ ಮುಂದೆ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಬಡವ ಇನ್ನೂ ಬಡವನಾದ ಎಂದು ಮತ್ತೆ ಕೆಲವರು ಹೇಳುತ್ತಾರೆ. ಇಬ್ಬರೂ ಅಂಕಿ-ಅಂಶಗಳನ್ನೇ ಮುಂದಿಡುತ್ತಾರೆ. ಆದರೆ ಆ ಅಂಕಿಗಳು ಎಲ್ಲಿ ಹುಟ್ಟುತ್ತವೆ, ಯಾರನ್ನು ಎಣಿಸುತ್ತವೆ, ಯಾರನ್ನು ಬಿಟ್ಟುಬಿಡುತ್ತವೆ ಎಂದು ಕೇಳುವವರು ಕಡಿಮೆ. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಇತಿಹಾಸ ಈ ಪ್ರಶ್ನೆಗೆ ಒಳ್ಳೆಯ ಪಾಠವಾಗಿದೆ.

ಹತ್ತಿ ಮತ್ತು ರೈಲು

ಜಾಗತೀಕರಣ 1991ರಲ್ಲಿ ಹುಟ್ಟಿದ್ದಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಆಗ ಬೊಂಬಾಯಿಯಲ್ಲಿ ಹತ್ತಿಯ ಧಾರಣೆ ಗಗನಕ್ಕೇರಿತು, ಯುದ್ಧ ಮುಗಿದೊಡನೆ ಕುಸಿಯಿತು. ಎಲ್ಲೋ ನಡೆದ ಯುದ್ಧ ದಖ್ಖನಿನ ಕಪ್ಪು ನೆಲದ ಬೆಳೆಗಾರನ ಭಾಗ್ಯವನ್ನು ತೂಗಿತು. 1871ರಲ್ಲಿ ಬೊಂಬಾಯಿಯಿಂದ ಬಂದ ರೈಲು ಮಾರ್ಗ ಯಾದಗಿರಿಯ ಮೂಲಕ ಹಾದು ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. ಅಂದಿನಿಂದ ನಮ್ಮ ಸೀಮೆಗೆ ದೂರದ ಪೇಟೆ ಹತ್ತಿರವಾಯಿತು.

ಆದರೆ ರಫ್ತಿನ ಲೆಕ್ಕ ಬರೆಯುತ್ತಿದ್ದುದು ಬಂದರಿನಲ್ಲಿ. ಹಡಗು ಏರಿದ ಹತ್ತಿ ಬೊಂಬಾಯಿಯ ಹತ್ತಿಯಾಗಿ ದಾಖಲಾಯಿತು. ಅದನ್ನು ಬಿತ್ತಿದ ಹೊಲ, ಬಿಡಿಸಿದ ಕೈ ಆ ಪುಸ್ತಕದಲ್ಲಿ ಕಾಣುವುದಿಲ್ಲ. ವಿದೇಶೀ ವ್ಯಾಪಾರದ ಅಂಕಿಗಳಿಗೆ ಅಂಟಿದ ಈ ಕೊರತೆ ಇಂದಿಗೂ ಪೂರ್ತಿ ಹೋಗಿಲ್ಲ.

ತಲಾ ಆದಾಯ ಎಂಬ ಅಳತೆಗೋಲು

ವಿದೇಶೀ ವ್ಯಾಪಾರದ ಫಲವನ್ನು ಜನರ ಆದಾಯದಿಂದ ಅಳೆಯಬೇಕು ಎಂದು ಮೊದಲು ತೋರಿಸಿದವರು ದಾದಾಭಾಯಿ ನವರೋಜಿ. 1867-68ರಲ್ಲಿ ಭಾರತೀಯನ ವಾರ್ಷಿಕ ತಲಾ ಆದಾಯ ಸುಮಾರು 20 ರೂಪಾಯಿ ಎಂದು ಅವರು ಲೆಕ್ಕಹಾಕಿದರು. ರಫ್ತು ಹೆಚ್ಚಿದೆ ಎಂದು ಸರಕಾರ ಹೇಳಿದಾಗ, ಸಂಪತ್ತು ಹೊರಗೆ ಹರಿಯುತ್ತಿದೆ ಎಂದು ಅವರು ಅಂಕಿಗಳಿಂದಲೇ ಉತ್ತರ ಕೊಟ್ಟರು. ಮುಂದೆ ಡಾ. ವಿ.ಕೆ.ಆರ್.ವಿ. ರಾವ್ 1931-32ರ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಅಂದಾಜು ಮಾಡಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಇವರೇ. ಆದರೆ ಆ ಅಂದಾಜು ಬ್ರಿಟಿಷ್ ಇಂಡಿಯಾದ್ದು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಮೂರು ತಾಲೂಕುಗಳು ಅದರ ಹೊರಗಿದ್ದವು.

1949ರಲ್ಲಿ ಪ್ರೊ. ಮಹಾಲನೋಬಿಸ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯಿತು. ಸ್ವತಂತ್ರ ಭಾರತದ ಲೆಕ್ಕದೊಳಗೆ ನಮ್ಮ ಜನರೂ ಸೇರಿದರು.

1991ರ ನಂತರ

ಉದಾರೀಕರಣದ ನಂತರ ಕರ್ನಾಟಕದ ಆದಾಯ ವೇಗವಾಗಿ ಏರಿತು. ಸಾಫ್ಟ್‌ವೇರ್ ರಫ್ತು ಇದಕ್ಕೆ ದೊಡ್ಡ ಕಾರಣ. ಆ ಆದಾಯದ ಬಹುಪಾಲು ಸೇರುವುದು ಬೆಂಗಳೂರಿನ ಲೆಕ್ಕಕ್ಕೆ. ರಾಜ್ಯದ ಸರಾಸರಿ ತಲಾ ಆದಾಯ ನೋಡಿ ಯಾದಗಿರಿಯ ಬಡವನ ಆದಾಯವೂ ಅಷ್ಟೇ ಏರಿತೆಂದು ತಿಳಿಯುವುದು ಸರಿಯಲ್ಲ. ಸರಾಸರಿ ಎಂಬುದು ಉಳ್ಳವನ ಗಳಿಕೆಯನ್ನು ಇಲ್ಲದವನ ಹೆಸರಿಗೂ ಬರೆಯುತ್ತದೆ.

ಗುಳೆ ಹೋಗುವವರ ವಿಷಯ ನೋಡಿರಿ. ನಮ್ಮ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗೆ ಹೋಗಿ ಕಟ್ಟಡ ಕಟ್ಟುವವರ ದುಡಿಮೆ ಆಯಾ ನಗರದ ಉತ್ಪನ್ನವಾಗಿ ಎಣಿಕೆಯಾಗುತ್ತದೆ. ಊರಿಗೆ ಕಳಿಸಿದ ಹಣ ಜಿಲ್ಲೆಯ ಉತ್ಪನ್ನವಲ್ಲ, ಅದು ಬರೀ ವರ್ಗಾವಣೆ. ಕೊಲ್ಲಿ ದೇಶಗಳಲ್ಲಿ ನೆಲೆಸಿ ದುಡಿಯುವವರು ಮನೆಗೆ ಕಳಿಸುವ ಹಣವೂ ಹಾಗೆಯೇ. ವಿಶ್ವ ಬ್ಯಾಂಕಿನ ಅಂದಾಜಿನಂತೆ 2022ರಲ್ಲಿ ಭಾರತಕ್ಕೆ ವಿದೇಶದಿಂದ ಬಂದ ಇಂಥ ಹಣ 11,000 ಕೋಟಿ ಡಾಲರ್ ದಾಟಿತ್ತು. ಅದು ವಿದೇಶೀ ಪಾವತಿಯ ಲೆಕ್ಕದಲ್ಲಿ ಕಾಣುತ್ತದೆಯೇ ಹೊರತು ದೇಶದ ಒಟ್ಟು ಉತ್ಪನ್ನದಲ್ಲಿ ಅಲ್ಲ. ಆ ಹಣದಿಂದ ಮನೆಯವರು ಮಾಡಿದ ಖರ್ಚು ಮಾತ್ರ ಇಲ್ಲಿನ ಅಂಗಡಿ, ಶಾಲೆ, ಗಾರೆ ಕೆಲಸದ ಗಳಿಕೆಯಾಗಿ ಲೆಕ್ಕಕ್ಕೆ ಬರುತ್ತದೆ.

ತೊಗರಿಯದು ಇನ್ನೊಂದು ಪಾಠ. 2015-16ರಲ್ಲಿ ದೇಶದ ತೊಗರಿ ಸುಮಾರು 26 ಲಕ್ಷ ಟನ್. 2016-17ರಲ್ಲಿ ಅದು 48 ಲಕ್ಷ ಟನ್ ದಾಟಿತು. ಅದೇ 2016ರಲ್ಲಿ ಮೊಜಾಂಬಿಕ್ ದೇಶದಿಂದ ತೊಗರಿ ತರಿಸಲು ಒಪ್ಪಂದವಾಗಿತ್ತು, ಮ್ಯಾನ್ಮಾರಿನಿಂದಲೂ ಆಮದು ನಡೆದಿತ್ತು. ಬೆಲೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಇಳಿಯಿತು. ಸ್ಥಿರ ಬೆಲೆಯ ಲೆಕ್ಕದಲ್ಲಿ ಬೆಳೆಯ ಪ್ರಮಾಣವನ್ನು ಮೂಲ ವರ್ಷದ ಬೆಲೆಯಿಂದ ಗುಣಿಸುತ್ತಾರೆ. ಹೀಗಾಗಿ ಬೆಳೆ ಹೆಚ್ಚಾದರೆ ಅದು ಕೃಷಿಯ ಬೆಳವಣಿಗೆ ಎಂದೇ ದಾಖಲಾಗುತ್ತದೆ. ಬೆಲೆ ಬಿದ್ದು ರೈತನ ಕೈ ಖಾಲಿಯಾದದ್ದು ಆ ಬೆಳವಣಿಗೆಯ ದರದಲ್ಲಿ ಕಾಣುವುದಿಲ್ಲ. ಅಂಕಿ ಸುಳ್ಳಲ್ಲ, ಅದು ಉತ್ತರಿಸುವ ಪ್ರಶ್ನೆಯೇ ಬೇರೆ.

ಬೇರೆ ಅಳತೆ

ಈ ಕೊರತೆ ತುಂಬುವ ಯತ್ನ ನಮ್ಮ ರಾಜ್ಯದಲ್ಲೇ ನಡೆಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆದಾಯ ಒಂದನ್ನೇ ನೋಡದೆ ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ರಸ್ತೆ ಮೊದಲಾದ 35 ಸೂಚಕಗಳಿಂದ 175 ತಾಲೂಕುಗಳನ್ನು ಅಳೆಯಿತು. 114 ತಾಲೂಕುಗಳು ಹಿಂದುಳಿದವು ಎಂದಿತು. ನಮ್ಮ ಮೂರೂ ತಾಲೂಕುಗಳು ಆ ಪಟ್ಟಿಯಲ್ಲಿದ್ದವು. ರಾಜ್ಯದ ಸರಾಸರಿಯ ಹಿಂದೆ ಮರೆಯಾಗಿದ್ದ ಸತ್ಯ ತಾಲೂಕಿನ ಅಂಕಿಗಳಲ್ಲಿ ಹೊರಗೆ ಬಂತು. ಮುಂದೆ ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ಕಲಮು ಬೇಕೆಂಬ ಬೇಡಿಕೆಗೆ ಈ ವರದಿ ಬಲ ಕೊಟ್ಟಿತು. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ಅದು ದೊರೆಯಿತು. ಶಿಕ್ಷಣ ಮತ್ತು ನೌಕರಿಯಲ್ಲಿ ಇಂದು ನಮ್ಮ ಮಕ್ಕಳಿಗೆ ಸಿಗುವ ಮೀಸಲು ಸ್ಥಾನಗಳ ಹಿಂದೆ ಇಂಥ ಎಣಿಕೆಯ ಶ್ರಮವೂ ಇದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಇಡೀ ರಾಜ್ಯದಲ್ಲಿ ಇದೇ ಅತಿ ಕಡಿಮೆ. ರಾಜ್ಯದ ಪ್ರಮಾಣ ಶೇ. 75.36. ಓದು ಬರಹ ಇಲ್ಲದ ಕೈಗೆ ಜಾಗತಿಕ ಪೇಟೆಯಲ್ಲಿ ಕೂಲಿಯ ಕೆಲಸ ಬಿಟ್ಟು ಬೇರೆ ಸಿಗುವುದು ಕಷ್ಟ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ಬೇಕಿಲ್ಲ.

ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಒಣ ವಿಷಯಗಳೆಂದು ದೂರ ಇಡಬಾರದು. ಗಣತಿದಾರರು ಬಾಗಿಲಿಗೆ ಬಂದಾಗ ಗುಳೆ ಹೋದ ಅಣ್ಣನ ವಿಷಯ, ಶಾಲೆ ಬಿಟ್ಟ ತಂಗಿಯ ವಿಷಯ ಕೇಳಿದರೆ ಸರಿಯಾಗಿ ಬರೆಸಬೇಕು. ಪತ್ರಿಕೆಯಲ್ಲಿ ಅಂಕಿಯೊಂದನ್ನು ಕಂಡಾಗ ಇದು ಯಾರ ಸರಾಸರಿ, ಯಾವ ಬೆಲೆಯ ಲೆಕ್ಕ, ಯಾವ ಊರಿನ ಖಾತೆ ಎಂದು ಕೇಳಬೇಕು. ಲೆಕ್ಕಕ್ಕೆ ಬಾರದವನು ಯೋಜನೆಗೂ ಬರುವುದಿಲ್ಲ.