ಪಿ.ಬಿ. ರಸ್ತೆಯ ಹಳೆಯ ಕಾರುಗಳು: ಹುಬ್ಬಳ್ಳಿ-ಧಾರವಾಡದ ದುರಸ್ತಿ ಪರಂಪರೆ

ಕರ್ನಾಟಕದಲ್ಲಿ ಹಳೆಯ ಕಾರುಗಳ ಮೇಲಿನ ಅಕ್ಕರೆಯ ಚರಿತ್ರೆಯನ್ನು ಹುಡುಕುವವರ ಗಮನ ಸಹಜವಾಗಿಯೇ ಮೊದಲು ಮೈಸೂರು ಅರಸರ ಮೋಟಾರುಗಳ ಕಡೆಗೆ, ಆಮೇಲೆ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಕಟ್ಟಿದ ಕಾರು ಸಂಗ್ರಹದ ಕಡೆಗೆ ಹಾಗೂ 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯದ ಕಡೆಗೆ ಹರಿಯುತ್ತದೆ. ಅಲ್ಲಿ ಕಾರು ಮೊದಲಿನಿಂದಲೂ ವೈಭವದ ವಸ್ತು. ಅದನ್ನು ಜತನ ಮಾಡಲು ಸಿಬ್ಬಂದಿಯೂ ಹಣವೂ ಇದ್ದವು. ಅರಮನೆಯಿಲ್ಲದ ಹುಬ್ಬಳ್ಳಿ-ಧಾರವಾಡದಂಥ ವ್ಯಾಪಾರ ಮತ್ತು ವಿದ್ಯೆಯ ಊರುಗಳಲ್ಲಿ ಹಳೆಯ ಕಾರು ಉಳಿದ ಬಗೆಯೇ ಬೇರೆ. ಇಲ್ಲಿ ಕಾರನ್ನು ಉಳಿಸಿದ್ದು ಸಂಗ್ರಾಹಕನ ಹವ್ಯಾಸಕ್ಕಿಂತ ಹೆಚ್ಚಾಗಿ ಮಿಸ್ತ್ರಿಯ ಕೈಕಸುಬು. ಇಂದು ‘ರೆಸ್ಟೊರೇಶನ್’ ಎಂದೂ ‘ಮಾಡಿಫಿಕೇಶನ್’ ಎಂದೂ ಎರಡು ಹೆಸರುಗಳಿಂದ ಕರೆಯಲಾಗುವ ಹವ್ಯಾಸಗಳು ಆ ಕಸುಬಿನಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಈ ಕಸುಬು ಇಲ್ಲಿ ನೆಲೆಯೂರಲು ಮೊದಲ ಕಾರಣ ರಸ್ತೆ. ಅವಳಿ ನಗರದ ಜನ ಈಗಲೂ ‘ಪಿ.ಬಿ. ರಸ್ತೆ’ ಎಂದು ಕರೆಯುವುದು ಹಳೆಯ ಪುಣೆ-ಬೆಂಗಳೂರು ಹೆದ್ದಾರಿಯನ್ನು. ಬಹುಕಾಲ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಅದು ಈಗಿನ ಎಣಿಕೆಯಲ್ಲಿ 48. ಈ ದಾರಿಯಲ್ಲಿ ಹುಬ್ಬಳ್ಳಿ ಹೆಚ್ಚುಕಡಿಮೆ ನಟ್ಟನಡುವೆ, ಎರಡೂ ಕಡೆಗೆ 400 ಕಿಲೊಮೀಟರಿಗಿಂತ ತುಸು ಹೆಚ್ಚು ದೂರದಲ್ಲಿದೆ. ಕಾರವಾರ, ವಿಜಯಪುರ ಮತ್ತು ಗದಗಿನ ದಾರಿಗಳು ಇಲ್ಲಿಯೇ ಕೂಡುತ್ತವೆ. ದೂರದಿಂದ ಬಂದ ವಾಹನ ಇಂಜಿನ್ ಆರಿಸಿಕೊಳ್ಳಲು ನಿಲ್ಲುವ ಊರಿನಲ್ಲಿ ಗ್ಯಾರೇಜು ಹುಟ್ಟದೆ ಇರದು. ಇದಲ್ಲದೆ 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಬಿಡಿಭಾಗಗಳನ್ನು ತರಿಸಿ ಕಾರು ಜೋಡಿಸುವ ಕಾರ್ಖಾನೆಯನ್ನು ತೆರೆದದ್ದು ಮುಂಬಯಿಯಲ್ಲಿಯೇ ಆದ್ದರಿಂದ, ಈ ಭಾಗದ ಮೋಟಾರು ಲೋಕದ ಮುಖ ಬೆಂಗಳೂರಿಗಿಂತ ಮುಂಬಯಿಯ ಕಡೆಗೇ ಹೆಚ್ಚು ತಿರುಗಿತ್ತು.

ಎರಡನೆಯ ಕಾರಣ, ಕಾರಿಗಿಂತ ಮೊದಲೇ ಇಲ್ಲಿ ನೆಲೆನಿಂತಿದ್ದ ಯಂತ್ರವಿದ್ಯೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಲ್ಲಿ ಸ್ಥಾಪಿಸಿದ ವರ್ಕ್‌ಶಾಪು ಕಬ್ಬಿಣ ಕಾಯಿಸುವ, ಎರಕ ಹೊಯ್ಯುವ, ಲೇತಿನ ಮೇಲೆ ಲೋಹವನ್ನು ತಿರುಗಿಸಿ ಕೆತ್ತುವ ಕೆಲಸಗಳನ್ನು ಊರಿಗೆ ಪರಿಚಯಿಸಿತು. ಹತ್ತಿಯ ದೊಡ್ಡ ಪೇಟೆಯಾಗಿದ್ದ ಹುಬ್ಬಳ್ಳಿಯಲ್ಲಿ ಅರಳೆಯಿಂದ ಬೀಜ ಬೇರ್ಪಡಿಸುವ ಜಿನ್ನುಗಳು, ಅಂಡಿಗೆ ಕಟ್ಟುವ ಪ್ರೆಸ್ಸುಗಳು ಮತ್ತು ಬಟ್ಟೆಯ ಗಿರಣಿಗಳು ಇದ್ದವು. ಅವುಗಳ ಇಂಜಿನ್ನುಗಳನ್ನು ನೋಡಿಕೊಳ್ಳುವ ಫಿಟ್ಟರುಗಳೂ ಇದ್ದರು. ಸವೆದ ಭಾಗಕ್ಕೆ ವಿಲಾಯತಿಯಿಂದ ಬದಲಿ ಬರುವವರೆಗೆ ಕಾಯದೆ ಅದರ ಅಳತೆ ಹಿಡಿದು ಇಲ್ಲಿಯೇ ಹೊಸದನ್ನು ಮಾಡಿಕೊಳ್ಳುವ ಇವರ ರೂಢಿ ಮೋಟಾರು ಗ್ಯಾರೇಜಿಗೆ ಹೇಳಿಮಾಡಿಸಿದಂತಿತ್ತು.

ಅಗತ್ಯ ಬಿದ್ದಾಗ ವಾಹನವನ್ನೇ ಮಾರ್ಪಡಿಸಿಕೊಳ್ಳುವ ಪ್ರವೃತ್ತಿಗೆ ಎರಡನೆಯ ಮಹಾಯುದ್ಧದ ಕಾಲ ಒಳ್ಳೆಯ ನಿದರ್ಶನ. ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಉದ್ದಗಲಕ್ಕೂ ಬಸ್ಸುಗಳಿಗೆ ಮತ್ತು ಎಷ್ಟೋ ಕಾರುಗಳಿಗೆ ಇದ್ದಿಲಿನ ಅನಿಲಯಂತ್ರವನ್ನು ಜೋಡಿಸಲಾಯಿತು. ಉದ್ದನೆಯ ಕಬ್ಬಿಣದ ಕೊಳವೆಯಾಕಾರದ ಒಲೆಯಲ್ಲಿ ಇದ್ದಿಲನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡನ್ನು ಸೋಸಿ, ತಣಿಸಿ, ಪೆಟ್ರೋಲಿನ ಬದಲಿಗೆ ಇಂಜಿನ್ನಿಗೆ ಊಡಿಸುವುದು ಇದರ ತತ್ತ್ವ. ಶಕ್ತಿ ಕುಂದುತ್ತಿತ್ತು, ಹೊರಡುವ ಮೊದಲು ಒಲೆ ಹೊತ್ತಿಸಿ ಕಾಯಬೇಕಿತ್ತು. ಆದರೂ ಗಾಡಿ ಓಡುತ್ತಿತ್ತು. ಇಂದಿನ ಹವ್ಯಾಸಿ ಹೆಚ್ಚು ವೇಗಕ್ಕಾಗಿ ಮಾಡುವ ಬದಲಾವಣೆಯನ್ನು ಅಂದಿನವರು ಬರಿಯ ಚಲನೆಗಾಗಿ ಮಾಡಿದರು.

ಸ್ವಾತಂತ್ರ್ಯಾನಂತರದ ಕೊರತೆ ಈ ಕಸುಬನ್ನು ಇನ್ನಷ್ಟು ಬೆಳೆಸಿತು. 1953ರ ಬಳಿಕ ಸರಕಾರ ಬರಿಯ ಜೋಡಣೆ ಮಾಡುವ ಕಂಪನಿಗಳಿಗೆ ಅವಕಾಶ ಕೊಡದೆ ದೇಶದಲ್ಲಿಯೇ ತಯಾರಿಸುವವರನ್ನು ಮಾತ್ರ ಪೋಷಿಸಿದ್ದರಿಂದ, ಗ್ರಾಹಕನಿಗೆ ಉಳಿದ ಆಯ್ಕೆಗಳು ಕೈಬೆರಳೆಣಿಕೆಯಷ್ಟಾದವು: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಿಂದ ತಯಾರಿಸಿದ ಅಂಬಾಸಿಡರ್, ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯಲ್ಲಿ ತಯಾರಿಸಿದ, 1974ರಲ್ಲಿ ‘ಪದ್ಮಿನಿ’ ಎಂಬ ಹೆಸರು ಪಡೆದ ಫಿಯಟ್ 1100, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮತ್ತು ಮಹೀಂದ್ರದ ಜೀಪು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದಾಗ ಹಳೆಯದನ್ನು ಗುಜರಿಗೆ ಹಾಕುವುದು ಯಾರಿಗೂ ಹೊಳೆಯದ ಮಾತಾಗಿತ್ತು. ಆದ್ದರಿಂದ ಇಂಜಿನ್ನನ್ನು ‘ಇಳಿಸಿ’ ಬೋರು ಮಾಡಿಸುವುದು, ಎಂದರೆ ಸವೆದ ಸಿಲಿಂಡರಿನ ಒಳಮೈಯನ್ನು ಕೂದಲೆಳೆಯಷ್ಟು ಹಿಗ್ಗಿಸಿ ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಕೂರಿಸುವುದು, ಕಾರಿನ ಬದುಕಿನಲ್ಲಿ ಎರಡು-ಮೂರು ಬಾರಿ ನಡೆಯುವ ಸಂಸ್ಕಾರದಂತಾಯಿತು. ನೆಗ್ಗಿದ ತಗಡನ್ನು ಒಳಗಿನಿಂದ ಬಡಿದು ಮಟ್ಟ ಮಾಡುವ ಟಿಂಕರಿಂಗ್, ಅದರ ಮೇಲೆ ಪುಟ್ಟಿ ಬಳಿದು ಉಜ್ಜಿ ಬಣ್ಣ ಹೊಡೆಯುವ ಪೇಂಟಿಂಗ್, ಸೀಟಿಗೆ ಹೊಸ ಹೊದಿಕೆ ಹೊಲಿಯುವ ಕೆಲಸ, ಇವು ಒಂದೊಂದೂ ಬೇರೆ ಬೇರೆ ಕೈಗಳ ಪರಿಣತಿಯಾಗಿ ಬೆಳೆದವು. ಕಡಲಂಚಿನ ಕಾರವಾರದಲ್ಲಿ ಉಪ್ಪುಗಾಳಿ ತಿಂದುಹಾಕುವ ತಗಡು, ಒಳನಾಡಿನ ಹುಬ್ಬಳ್ಳಿಯ ಒಣಹವೆಯಲ್ಲಿ ಹೆಚ್ಚು ಕಾಲ ಬಾಳುವುದು ಈ ಪ್ರಯತ್ನಕ್ಕೆ ನಿಸರ್ಗ ಕೊಟ್ಟ ನೆರವು.

ದುರಸ್ತಿ ಎಲ್ಲಿ ಮುಗಿಯಿತು, ಮಾರ್ಪಾಟು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಆ ಕಾಲದ ಮಟ್ಟಿಗೆ ಕಷ್ಟ. ಪೆಟ್ರೋಲಿನ ಬೆಲೆ ಏರಿದಾಗ ಕಾರಿಗೆ ಡೀಸೆಲ್ ಇಂಜಿನ್ ಕೂರಿಸುವುದು, ವಿಶೇಷವಾಗಿ ಬಾಡಿಗೆಗೆ ಓಡಿಸುವವರಲ್ಲಿ, ದೇಶದ ಎಲ್ಲೆಡೆ ರೂಢಿಗೆ ಬಂದಿತು. ಸ್ವತಃ ಅಂಬಾಸಿಡರೇ 1980ರ ಸುಮಾರಿಗೆ 1489 ಸಿ.ಸಿ. ಡೀಸೆಲ್ ಇಂಜಿನ್ನಿನೊಂದಿಗೆ ಕಾರ್ಖಾನೆಯಿಂದ ಹೊರಬರತೊಡಗಿತು. ಜೀಪಿನ ವಿಷಯದಲ್ಲಿ ಮಾರ್ಪಾಟಿಗೆ ಅದರ ರಚನೆಯೇ ಅನುವು ಮಾಡಿಕೊಡುತ್ತಿತ್ತು. ಅಂಬಾಸಿಡರ್ ಮತ್ತು ಫಿಯಟ್ಟುಗಳಲ್ಲಿ ಮೈಯೇ ಎಲುಬಿನ ಕೆಲಸವನ್ನೂ ಮಾಡುವುದರಿಂದ, ಅವುಗಳ ನೆಲ ತುಕ್ಕು ಹಿಡಿದರೆ ಇಡೀ ಕಾರಿನ ಬಲವೇ ಕುಂದುತ್ತದೆ. ಜೀಪಿನಲ್ಲಾದರೋ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಭಾರವನ್ನೆಲ್ಲ ಹೊರುತ್ತದೆ, ಅದರ ಮೇಲಿನ ಮೈಯನ್ನು ಕಳಚಿ ಬೇರೆಯದನ್ನು ಕೂರಿಸಬಹುದು. ಇಂದಿಗೂ ಮಾರ್ಪಡಿಸಿದ ವಾಹನಗಳನ್ನು ಮೆಚ್ಚುವವರಿಗೆ ಹಳೆಯ ಜೀಪು ಅಚ್ಚುಮೆಚ್ಚಾಗಿರುವುದಕ್ಕೆ ಅದರ ಗತ್ತಿನಷ್ಟೇ ಈ ಚೌಕಟ್ಟೂ ಕಾರಣ.

ಬರಿಯ ಚಾಸಿ ಕೊಂಡು ಅದರ ಮೇಲೆ ಸ್ಥಳೀಯವಾಗಿ ‘ಬಾಡಿ ಕಟ್ಟಿಸುವ’ ಪದ್ಧತಿ ಲಾರಿ ಮತ್ತು ಬಸ್ಸುಗಳಲ್ಲಿ ಸಾರ್ವತ್ರಿಕವಾಗಿತ್ತು. ಬಡಗಿ, ಕಮ್ಮಾರ, ತಗಡಿನವ, ಬಣ್ಣದವ ಒಂದೇ ಅಂಗಳದಲ್ಲಿ ಕೂಡಿ ದುಡಿಯುವ ಈ ವ್ಯವಸ್ಥೆ ಕಾರಿನ ಮಿಸ್ತ್ರಿಗಳಿಗೂ ಪಾಠಶಾಲೆಯಾಯಿತು. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಾರಿಗೆ ಸಂಸ್ಥೆ ಬೆಳೆದು ಹುಬ್ಬಳ್ಳಿಯಲ್ಲಿ ನೆಲೆಗೊಂಡದ್ದು, 1997ರಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಹುಬ್ಬಳ್ಳಿಯೇ ಕೇಂದ್ರವಾದದ್ದು, 2006ರಲ್ಲಿ ಟಾಟಾ ಮೋಟರ್ಸ್ ಮತ್ತು ಬ್ರೆಜಿಲಿನ ಮಾರ್ಕೊಪೋಲೊ ಜೊತೆಗೂಡಿ ಹುಟ್ಟುಹಾಕಿದ ಸಂಸ್ಥೆಯ ಬಸ್ ಕಾರ್ಖಾನೆ ಧಾರವಾಡಕ್ಕೆ ಬಂದದ್ದು, ಇವೆಲ್ಲ ಇಲ್ಲಿನ ವಾಹನ ಸಂಸ್ಕೃತಿಯ ಬೇರೆ ಬೇರೆ ಘಟ್ಟಗಳು. ಅಂಗಳದಲ್ಲಿ ಕೈಯಿಂದ ಕಟ್ಟುತ್ತಿದ್ದ ಬಾಡಿ ಕೊನೆಗೆ ಕಾರ್ಖಾನೆಯ ಸಾಲಿನಲ್ಲಿ ತಯಾರಾಗತೊಡಗಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಅದರಲ್ಲಿಯೂ 1991ರ ಉದಾರೀಕರಣದ ತರುವಾಯ, ಹಳೆಯ ಕಾರಿನ ಸ್ಥಾನ ತಲೆಕೆಳಗಾಯಿತು. ಹೊಸ ಕಾರು ಸುಲಭವಾಗಿ ಸಿಗತೊಡಗಿದ ಮೇಲೆ ಫಿಯಟ್ಟು, ಹೆರಾಲ್ಡುಗಳು ಹಿತ್ತಿಲು ಸೇರಿದವು, ಗುಜರಿಯ ತೂಕಕ್ಕೆ ಮಾರಾಟವಾದವು. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು, ಅಂಬಾಸಿಡರಿನದು 2014ರ ಮೇ ತಿಂಗಳಲ್ಲಿ. ಅಗತ್ಯದ ವಸ್ತು ಅಪರೂಪದ ವಸ್ತುವಾದ ಈ ಸಂಧಿಕಾಲದಲ್ಲಿಯೇ ಸಾಮಾನ್ಯರ ಕಾರಿನ ಮೇಲಿನ ಅಭಿಮಾನ ಹವ್ಯಾಸದ ರೂಪ ತಾಳಿತು. ದಿಲ್ಲಿಯಲ್ಲಿ 1964ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ ಹಳೆಯ ಕಾರುಗಳ ಮೆರವಣಿಗೆಯನ್ನು ಆರಂಭಿಸಿದಾಗ ಅಂಬಾಸಿಡರ್ ಇನ್ನೂ ಷೋರೂಮಿನ ಕಾರಾಗಿತ್ತು. ಸಾಮಾನ್ಯವಾಗಿ 1919ರಿಂದ 1930ರ ನಡುವಿನ ಕಾರುಗಳಿಗೆ ಸಲ್ಲುವ ‘ವಿಂಟೇಜ್’ ಎಂಬ ಹೆಸರು ಅಂದು ವಿದೇಶಿ ಮೋಟಾರುಗಳ ಸೊತ್ತು. ಅದಕ್ಕಿಂತ ಈಚಿನ, ಆದರೆ ಈಗ ತಯಾರಾಗದ ಮೆಚ್ಚಿನ ಕಾರುಗಳನ್ನು ‘ಕ್ಲಾಸಿಕ್’ ಎನ್ನುವ ರೂಢಿ ಬಲಗೊಂಡ ಮೇಲೆಯೇ ಮನೆಮನೆಯ ಫಿಯಟ್ಟಿಗೆ ಆ ಸಾಲಿನಲ್ಲಿ ಜಾಗ ದೊರೆಯಿತು.

ಹವ್ಯಾಸಕ್ಕೆ ಕಾನೂನು ಗಡಿ ಹಾಕಿದ್ದು ತೀರ ಈಚೆಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ನಮೂದಿಸಿದ ಮೂಲ ಲಕ್ಷಣಗಳು ಬದಲಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ತಂದಿತು: ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಬಾಡಿಗೆಗೆ ಬಳಸದ ವಾಹನ ಇದಕ್ಕೆ ಅರ್ಹ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಹೊಸ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ, ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಚಾಸಿ, ಮೈ ಅಥವಾ ಇಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬ ಷರತ್ತು ಇದರೊಂದಿಗೆ ಇದೆ.

ಹುಬ್ಬಳ್ಳಿ-ಧಾರವಾಡದ ಚರಿತ್ರೆಯನ್ನು ಈ ಷರತ್ತಿನ ಮುಂದಿಟ್ಟು ನೋಡಿದರೆ ಒಂದು ವೈರುಧ್ಯ ಎದ್ದು ಕಾಣುತ್ತದೆ. 1974ರ ಪದ್ಮಿನಿಗಳು 2024ರಲ್ಲಿ 50ರ ಗಡಿ ಮುಟ್ಟಿದವು. ಆದರೆ ಇಂಜಿನ್ ಬದಲಿಸಿಕೊಂಡೋ ಬಾಡಿಗೆಗೆ ದುಡಿದೋ ಅಷ್ಟು ಕಾಲ ಬಾಳಿದ ಕಾರು, ಯಾವುದರಿಂದ ಬದುಕಿ ಉಳಿಯಿತೋ ಅದರಿಂದಲೇ ಗೌರವದ ಪಟ್ಟಿಯಿಂದ ಹೊರಗುಳಿಯುತ್ತದೆ. ಶೆಡ್ಡಿನಲ್ಲಿ ಮುಚ್ಚಿಟ್ಟ ಕಾರಿಗೆ ಮೂಲರೂಪವನ್ನು ಕಾಯ್ದುಕೊಳ್ಳುವುದು ಸುಲಭ, ದುಡಿದ ಕಾರಿಗೆ ಅಲ್ಲ. ಅಂಥ ಕಾರಿನ ಹಳೆಯ ಆರ್.ಸಿ. ಪುಸ್ತಕದಲ್ಲಿ ಮಾಲೀಕರ ಹೆಸರುಗಳು ಒಂದರ ಕೆಳಗೊಂದು ಹೊಡೆದುಹಾಕಲ್ಪಟ್ಟಿರುತ್ತವೆ. ಸಾಲದ ಮೊಹರು, ತೀರಿದ ಮೊಹರು ಬಿದ್ದಿರುತ್ತವೆ. ಇಂಜಿನ್ ಸಂಖ್ಯೆಯನ್ನು ತಿದ್ದಿ ಹೊಸದನ್ನು ಬರೆದು ಅಧಿಕಾರಿ ಸಹಿ ಹಾಕಿರುತ್ತಾನೆ. ನಿಯಮಕ್ಕೆ ಆ ತಿದ್ದುಪಡಿ ಅನರ್ಹತೆಯ ಗುರುತು. ಚರಿತ್ರೆ ಬರೆಯುವವನಿಗೆ, ಹೆಸರು ಉಳಿಯದ ಒಬ್ಬ ಮಿಸ್ತ್ರಿ ಕಾಗದದ ಮೇಲೆ ಬಿಟ್ಟುಹೋದ ದಾಖಲೆ.