ಚಿಲಕದ ಕೋವಿ: ರಣರಂಗದಿಂದ ಗುರಿಮೈದಾನಕ್ಕೆ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದರು. ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರು ಬಗೆಯಲ್ಲಿ ಗುಂಡು ಹೊಡೆಯಬೇಕಾದ ಈ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಅಂದರೆ 50 ಮೀಟರ್ ಆಚೆ ಇಟ್ಟ ಅಂಗಿಯ ಗುಂಡಿಗೆ ಗುರಿಯಿಟ್ಟಂತೆ. ಇನ್ನೊಂದು ವಿಶೇಷವೆಂದರೆ, ಇಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ಪ್ರತಿ ಈಡಿಗೂ ತನ್ನ ಕೈಯಿಂದಲೇ ರೈಫಲ್ಲಿನ ಚಿಲಕ ತೆಗೆದು, ಒಂದೇ ಒಂದು ತೋಟಾ ಇಟ್ಟು, ಮತ್ತೆ ಚಿಲಕ ಹಾಕಬೇಕು. ನಿಮಿಷಕ್ಕೆ ನೂರಾರು ಗುಂಡು ಉಗುಳುವ ಯಂತ್ರಗಳ ಕಾಲದಲ್ಲಿ ಇದೇಕೆ ಇನ್ನೂ ಉಳಿದಿದೆ?

ಗುರಿ ಹೊಡೆಯುವ ಕ್ರೀಡೆಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಯಾವ ಕಂಪನಿಯ ರೈಫಲ್ ಕೊಳ್ಳಬೇಕು ಎಂದು. ಆ ಪ್ರಶ್ನೆಗೂ ಮೇಲಿನ ಪ್ರಶ್ನೆಗೂ ಉತ್ತರ ಒಂದೇ ಇತಿಹಾಸದಲ್ಲಿದೆ.

‘ಬೋಲ್ಟ್’ ಎಂದರೆ ಚಿಲಕವೆಂದೇ ಅರ್ಥ. ಹಳೆಯ ಮನೆಗಳ ಬಾಗಿಲಿನ ಕಬ್ಬಿಣದ ಚಿಲಕವನ್ನು ನೆನಪಿಸಿಕೊಳ್ಳಿ. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಬಾಗಿಲು ತೆರೆಯುತ್ತದೆ. ಮುಂದೆ ತಳ್ಳಿ ಕೆಳಗೆ ಮಡಚಿದರೆ ಭದ್ರವಾಗುತ್ತದೆ. ರೈಫಲ್ಲಿನಲ್ಲಿ ಈ ಚಿಲಕ ನಳಿಗೆಯ ಹಿಂಬದಿಯ ಬಾಯನ್ನು ಮುಚ್ಚುತ್ತದೆ. ಈ ಹೋಲಿಕೆ ಆಕಸ್ಮಿಕವೂ ಅಲ್ಲ. ಯುದ್ಧದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಮೊದಲ ಚಿಲಕದ ರೈಫಲನ್ನು ರೂಪಿಸಿದ ಪ್ರಷ್ಯಾದ ಯೋಹಾನ್ ನಿಕೊಲಾಸ್ ಡ್ರೈಸೆ ಬೀಗ ತಯಾರಿಸುವವರ ಮನೆಯಲ್ಲಿ ಹುಟ್ಟಿ, ಅದೇ ಕಸುಬು ಕಲಿತವನು.

ಅಲ್ಲಿಯವರೆಗೆ ಕೋವಿಗೆ ಮದ್ದು, ಗುಂಡು ತುಂಬುತ್ತಿದ್ದುದು ನಳಿಗೆಯ ಮುಂಬದಿಯಿಂದ. ಮಲೆನಾಡಿನ ಹಿರಿಯರು ಕಂಡಿರುವ ಕೇಪಿನ ಕೋವಿಯದೂ ಇದೇ ಕ್ರಮ. ಗಜದಿಂದ ಜಡಿಯಬೇಕಾದ್ದರಿಂದ ಸೈನಿಕ ನಿಂತುಕೊಂಡೇ ಇರಬೇಕು. ನಿಂತವನು ಶತ್ರುವಿಗೆ ಸುಲಭದ ಗುರಿ. 1841ರಲ್ಲಿ ಪ್ರಷ್ಯಾ ಒಪ್ಪಿಕೊಂಡ ಡ್ರೈಸೆಯ ‘ಸೂಜಿ ಬಂದೂಕ’ನ್ನು ಮಲಗಿಕೊಂಡೇ ತುಂಬಬಹುದಿತ್ತು. 1866ರ ಕೋನಿಗ್‌ಗ್ರೇಟ್ಸ್ ಕದನದಲ್ಲಿ ಆಸ್ಟ್ರಿಯಾದ ಸೈನಿಕರು ನಿಂತು ಗಜ ಹಾಕುತ್ತಿರುವಾಗ ಪ್ರಷ್ಯನ್ನರು ಹಲವು ಗುಂಡು ಹಾರಿಸುತ್ತಿದ್ದರು. ಆಸ್ಟ್ರಿಯಾದ ಸೋಲಿಗೆ ಇದು ಮುಖ್ಯ ಕಾರಣಗಳಲ್ಲೊಂದಾಯಿತು. ಆದರೆ ಸೂಜಿ ಬಂದೂಕಿನ ಚಿಲಕದ ಸಂದಿಯಿಂದ ಬಿಸಿ ಅನಿಲ ಸೋರುತ್ತಿತ್ತು, ಸೂಜಿಯೂ ಮುರಿಯುತ್ತಿತ್ತು. ಲೋಹದ ತೋಟಾ ಬಂದು ಈ ತೊಂದರೆ ನೀಗಿತು.

ಮುಂದಿನ ಹೆಜ್ಜೆ ಜರ್ಮನಿಯ ಓಬರ್ನ್‌ಡಾರ್ಫಿನ ಮೌಸರ್ ಸಹೋದರರದು. 1871ರ ಮಾದರಿಯಿಂದ ಆರಂಭಿಸಿ ಸುಧಾರಿಸುತ್ತಾ ಹೋದ ಪಾಲ್ ಮೌಸರ್ 1898ರಲ್ಲಿ ಕೊಟ್ಟ ಚಿಲಕವೇ ಇಂದಿನ ಅನೇಕ ಬೇಟೆ ಹಾಗೂ ಗುರಿ ರೈಫಲ್‌ಗಳ ಮೂಲಪುರುಷ. ಅದರ ಮುಂಭಾಗದ ಎರಡು ಗಟ್ಟಿ ಹಲ್ಲುಗಳು ನಳಿಗೆಯ ಹಿಂದೆಯೇ ಸಿಕ್ಕಿಕೊಂಡು, ತೋಟಾ ಸಿಡಿಯುವಾಗ ಎಲ್ಲವನ್ನೂ ಬಿಗಿಯಾಗಿ ಹಿಡಿಯುತ್ತವೆ. ಬ್ರಿಟಿಷರು ನೆಚ್ಚಿದ್ದು ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಚಿಲಕವನ್ನು. ಅವನ ಹೆಸರೂ ಎನ್‌ಫೀಲ್ಡ್ ಕಾರ್ಖಾನೆಯ ಹೆಸರೂ ಸೇರಿ 1895ರಲ್ಲಿ ‘ಲೀ-ಎನ್‌ಫೀಲ್ಡ್’ ಹುಟ್ಟಿತು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲೂ ತಯಾರಾದ ಇದೇ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದೂ ಅದೇ. 2008ರ ಮುಂಬೈ ದಾಳಿಯಲ್ಲಿ ಸ್ವಯಂಚಾಲಿತ ಬಂದೂಕು ಹಿಡಿದ ಉಗ್ರರೆದುರು ರೈಲ್ವೆ ನಿಲ್ದಾಣದ ಪೊಲೀಸರ ಬಳಿ ಇದ್ದದ್ದೂ ಅದೇ ಎಂಬುದು ದೇಶಕ್ಕೆ ನೋವಿನ ಪಾಠವಾಯಿತು. ಯುದ್ಧದ ಆಯುಧವಾಗಿ ಚಿಲಕದ ರೈಫಲ್ಲಿನ ಕಾಲ ಎಂದೋ ಮುಗಿದಿತ್ತು.

ಆದರೆ ಕ್ರೀಡೆಯ ದಾರಿ ಬೇರೆ. 1860ರ ಜುಲೈ 2ರಂದು ಲಂಡನ್ನಿನ ವಿಂಬಲ್ಡನ್ ಬಯಲಿನಲ್ಲಿ ರಾಣಿ ವಿಕ್ಟೋರಿಯಾ ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟವನ್ನು ಉದ್ಘಾಟಿಸಿದಳು. ಮೊದಲೇ ಗುರಿ ಹೊಂದಿಸಿ ಆಸರೆಯ ಮೇಲೆ ಇಟ್ಟಿದ್ದ ರೈಫಲ್ಲಿಗೆ ಕಟ್ಟಿದ ದಾರವನ್ನು ಆಕೆ ಎಳೆದಳು. 400 ಗಜ ದೂರದ ಗುರಿಗೆ ಗುಂಡು ತಾಗಿತು. ಉದ್ದೇಶ ಮನರಂಜನೆಯಾಗಿರಲಿಲ್ಲ. ಫ್ರೆಂಚರು ದಂಡೆತ್ತಿ ಬರುವರೆಂಬ ಭಯದಲ್ಲಿ ಪ್ರಜೆಗಳಿಗೆ ಗುರಿ ಕಲಿಸುವುದಾಗಿತ್ತು. ನಲವತ್ತು ವರ್ಷಗಳ ನಂತರ ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಬೋಯರ್ ರೈತರು ಮೌಸರ್ ಹಿಡಿದು ದೂರದಿಂದಲೇ ಬ್ರಿಟಿಷ್ ಸೈನಿಕರನ್ನು ಉರುಳಿಸಿದಾಗ ಅದೇ ಆತಂಕ ಮರುಕಳಿಸಿತು. ಆಗ ಬ್ರಿಟನ್ನಿನ ಊರೂರುಗಳಲ್ಲಿ ಸಣ್ಣ ರೈಫಲ್ ಕ್ಲಬ್ಬುಗಳು ಹುಟ್ಟಿದವು.

ಅವುಗಳಿಗೆ ಒದಗಿದ್ದು 1887ರಲ್ಲಿ ಅಮೆರಿಕದಲ್ಲಿ ಬಂದ ‘.22 ಲಾಂಗ್ ರೈಫಲ್’ ಎಂಬ ಪುಟ್ಟ ತೋಟಾ. ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೇ ಇಲ್ಲವೆನ್ನುವಷ್ಟು. ಕುಸಾಳೆ ಬಳಸಿದ್ದೂ ಇದೇ ಜಾತಿಯ ತೋಟಾವನ್ನು. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಮೊದಲ ರೈಫಲ್ .22 ಆಗಿರಲಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಚಿಲಕವೇ ಏಕೆ? ಸ್ವಯಂಚಾಲಿತ ರೈಫಲ್ಲಿನಲ್ಲಿ ಗುಂಡು ಹಾರುವ ಶಕ್ತಿಯ ಒಂದು ಪಾಲು ಒಳಗಿನ ಭಾಗಗಳನ್ನು ಹಿಂದೆ ಮುಂದೆ ಓಡಿಸುತ್ತದೆ. ಚಿಲಕದ ರೈಫಲ್ಲಿನಲ್ಲಿ ಕುದುರೆ ಎಳೆದ ಮೇಲೆ ಒಳಗಿನ ಸೂಜಿಯೊಂದನ್ನು ಬಿಟ್ಟರೆ ಅಲುಗುವುದು ಏನೂ ಇಲ್ಲ. ತೋಟಾ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಕೂರುತ್ತದೆ. ಗುರಿಯ ಕ್ರೀಡೆಯೆಂದರೆ ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮಾಡುವುದು ತಾನೆ? ಹೀಗಾಗಿ ಮೊದಲ ರೈಫಲ್ ಆರಿಸುವಾಗ ಹೆಸರಿಗಿಂತ ಮೈಕಟ್ಟು ಮುಖ್ಯ. ಭುಜಕ್ಕಿಟ್ಟಾಗ ಹಿಡಿ ಉದ್ದವೂ ಆಗಬಾರದು, ಗಿಡ್ಡವೂ ಆಗಬಾರದು. ಕೆನ್ನೆ ಇಟ್ಟೊಡನೆ ಕಣ್ಣು ತಾನಾಗಿ ಗುರಿಕಿಂಡಿಯ ನೇರಕ್ಕೆ ಬರಬೇಕು. ಕುದುರೆ ತಡವರಿಸದೆ, ಪ್ರತಿ ಸಲವೂ ಒಂದೇ ಒತ್ತಡಕ್ಕೆ ಬಿಡಬೇಕು. ತೂಕ ಕೈ ನಿಲ್ಲುವಷ್ಟಿರಬೇಕು, ಕೈ ಸೋಲುವಷ್ಟಲ್ಲ. ಎಲ್ಲಕ್ಕಿಂತ ಮೊದಲು ಕ್ಲಬ್ಬಿನಲ್ಲಿ ನಾಲ್ಕಾರು ಬಗೆಯ ರೈಫಲ್ ಹಿಡಿದು ನೋಡಿರಬೇಕು.

ನಮ್ಮಲ್ಲಿ ಇದಕ್ಕೆ ಕಾನೂನಿನ ಬಾಗಿಲೂ ಇದೆ. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ .22 ರೈಫಲನ್ನೂ ಇಟ್ಟುಕೊಳ್ಳುವಂತಿಲ್ಲ. ಬಹುಪಾಲು ಭಾರತೀಯರು 10 ಮೀಟರ್ ಏರ್ ರೈಫಲ್ಲಿನಿಂದ ಆರಂಭಿಸುವುದಕ್ಕೆ ಇದೂ ಒಂದು ಕಾರಣ. ಈ ನಿರ್ಬಂಧದ ಬೇರು ವಸಾಹತು ಕಾಲದ್ದು. 1857ರ ದಂಗೆಯ ನಂತರ ಬ್ರಿಟಿಷರು ಪ್ರಜೆಗಳ ಕೈಯಿಂದ ಆಯುಧ ಕಿತ್ತುಕೊಂಡರು. ಸೈನ್ಯದ ತೋಟಾ ಖಾಸಗಿಯವರಿಗೆ ಸಿಗದಂತೆಯೂ ಮಾಡಿದರು. .303 ಅಳತೆಯನ್ನು ಬಿಟ್ಟು ಅದೇ ಲೀ-ಎನ್‌ಫೀಲ್ಡ್ ಚಿಲಕದ ಮೇಲೆ ‘.315’ ರೈಫಲ್ ನಮ್ಮಲ್ಲಿ ತಯಾರಾದದ್ದು ಇದರಿಂದಲೇ.

ಈ ನಿರ್ಬಂಧಕ್ಕೆ ಅಪವಾದವಾಗಿ ಉಳಿದದ್ದು ಕೊಡಗು. 1861ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಕೈಲ್‌ಪೋದಿನಂದು ಅಲ್ಲಿ ಕೋವಿಗೆ ಹೂವಿಟ್ಟು ಪೂಜೆ ನಡೆಯುತ್ತದೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೋವಿ ಅಲ್ಲಿ ಮನೆಯ ಜವಾಬ್ದಾರಿ ಎಂಬ ಭಾವನೆ ಮೊದಲು, ಗುರಿ ಆಮೇಲೆ.

ಹೊಸ ರೈಫಲ್ ಕೊಳ್ಳುವವರು ಗಮನಿಸಬೇಕಾದದ್ದೂ ಇದನ್ನೇ. ಒಂದು ಗುಂಡು ಹಾರಿದ ಮೇಲೆ ಚಿಲಕದ ರೈಫಲ್ ತಾನಾಗಿ ಎರಡನೆಯದನ್ನು ಕೊಡುವುದಿಲ್ಲ. ಚಿಲಕ ತೆಗೆದಿದ್ದರೆ ಅದು ಗುಂಡು ಹಾರಿಸಲಾರದು ಎಂಬುದು ದೂರದಲ್ಲಿ ನಿಂತವರಿಗೂ ಕಾಣುತ್ತದೆ. ಗುರಿಮೈದಾನದಲ್ಲಿ ಚಿಲಕ ತೆರೆದಿಡಬೇಕೆಂಬ ಶಿಸ್ತು ಬಂದದ್ದು ಇದರಿಂದ. ಯುದ್ಧಭೂಮಿಯಲ್ಲಿ ಅದರ ಸೋಲಿಗೆ ಕಾರಣವಾದ ಈ ನಿಧಾನವೇ ಕಲಿಯುವವನಿಗೆ ಯೋಚಿಸಲು ಸಮಯ ಕೊಡುತ್ತದೆ, ಸುತ್ತ ಇರುವವರಿಗೆ ಸುರಕ್ಷತೆಯನ್ನೂ ಕೊಡುತ್ತದೆ.